‘ಘಟನೆ’ ಎಂದರೆ ಘಟಿಸಿದ್ದಲ್ಲವೇ? ಸಂಭವನೀಯತೆಯ ಪದಗಳ ಬಗ್ಗೆ ಒಂದು ಗೊಂದಲ

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಪ್ರಥಮ ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರವಿರುವ ಎಸ್‌ಇಬಿಎ ಎಂಬ ವಿಷಯಗುಚ್ಛ ತೆಗೆದುಕೊಂಡಿದ್ದಾಳೆ. ಲೆಕ್ಕದಲ್ಲಿ ಅವಳು ಹಿಂದೆ ಬಿದ್ದವಳಲ್ಲ. ಸೂತ್ರ ಕೈಗೆ ಕೊಟ್ಟರೆ ಉತ್ತರ ತರುತ್ತಾಳೆ. ತೊಡಕಿರುವುದು ಪದಗಳಲ್ಲಿ. ಮೊನ್ನೆ ರಾತ್ರಿ ಹಳೆಯ ಹತ್ತನೆಯ ತರಗತಿಯ ಪುಸ್ತಕವನ್ನೂ ಹೊಸ ಇಂಗ್ಲಿಷ್ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟುಕೊಂಡು, ‘ಅಮ್ಮಾ, ಇಲ್ಲಿ ಅಸಂಭವ ಘಟನೆ ಎಂದು ಬರೆದಿದ್ದಾರೆ. ಘಟಿಸಲು ಸಾಧ್ಯವೇ ಇಲ್ಲದ್ದನ್ನು ಘಟನೆ ಎನ್ನುವುದು ಹೇಗೆ?’ ಎಂದು ಕೇಳಿದಳು. ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಜಮೆ, ಖರ್ಚು ಎಂದರೆ ಗೊತ್ತು. ಇದಕ್ಕೆ ಮಾತ್ರ ಉತ್ತರ ಹೊಳೆಯಲಿಲ್ಲ.

ಅವಳ ಪಟ್ಟಿಯಲ್ಲಿ ಇನ್ನೂ ಎರಡು ಪ್ರಶ್ನೆಗಳಿವೆ. ಪರಸ್ಪರ ವರ್ಜಕ ಘಟನೆ, ಸ್ವತಂತ್ರ ಘಟನೆ ಎರಡೂ ಒಂದೇ ಅಲ್ಲವೇ? ಸರಾಸರಿ ಎಂಬುದೊಂದು ಇರುವಾಗ ಮಧ್ಯಾಂಕ, ಬಹುಲಕ ಏಕೆ ಬೇಕು? ತಿಳಿದವರು ದಯವಿಟ್ಟು ಸೂತ್ರ ಬರೆಯದೆ ವಿವರಿಸಬೇಕು. ಸೂತ್ರ ಪುಸ್ತಕದಲ್ಲಿಯೇ ಇದೆ.

ನಿವೃತ್ತ ಮೇಷ್ಟ್ರು
ತಾಯಿ, ನಿಮ್ಮ ಮಗಳು ಕೇಳಿದ್ದು ನನ್ನ ಮೂವತ್ತು ವರ್ಷಗಳ ಸೇವೆಯಲ್ಲಿ ಇಬ್ಬರೋ ಮೂವರೋ ಮಕ್ಕಳು ಕೇಳಿದ ಪ್ರಶ್ನೆ. ಉಳಿದವರು ಬಾಯಿಪಾಠ ಮಾಡಿ ಎರಡು ಅಂಕ ತೆಗೆದುಕೊಂಡು ಹೋದರು.

ದಾಳವೊಂದನ್ನು ಉರುಳಿಸುವುದು ಯಾದೃಚ್ಛಿಕ ಪ್ರಯೋಗ. ಅಂದರೆ ಏನೇನು ಬರಬಹುದೆಂಬ ಪಟ್ಟಿ ಮೊದಲೇ ಗೊತ್ತಿದ್ದು, ಈ ಸಲ ಯಾವುದು ಬರುತ್ತದೆ ಎಂಬುದು ಗೊತ್ತಿಲ್ಲದ ಕೆಲಸ. ಬರಬಹುದಾದ 1, 2, 3, 4, 5, 6 ಇವು ಒಂದೊಂದೂ ಫಲಿತ. ಇವೆಲ್ಲವನ್ನೂ ಸೇರಿಸಿದ ಪಟ್ಟಿಯೇ ಫಲಿತ ಗಣ. ಈ ಪಟ್ಟಿಯಿಂದ ನಾವು ನಮಗೆ ಬೇಕಾದದ್ದನ್ನು ಆಯ್ದು ಒಂದು ಬುಟ್ಟಿಗೆ ಹಾಕಿಕೊಂಡರೆ ಆ ಬುಟ್ಟಿಯ ಹೆಸರು ಘಟನೆ. ‘ಸಮಸಂಖ್ಯೆ ಬರುವುದು’ ಎಂಬ ಬುಟ್ಟಿಯಲ್ಲಿ 2, 4, 6 ಇವೆ. ‘7 ಬರುವುದು’ ಎಂಬ ಬುಟ್ಟಿಗೆ ಹಾಕಲು ಏನೂ ಇಲ್ಲ, ಆದರೂ ಬುಟ್ಟಿ ಬುಟ್ಟಿಯೇ; ಅದನ್ನೇ ಅಸಂಭವ ಘಟನೆ ಎನ್ನುತ್ತೇವೆ. ಆರೂ ಫಲಿತಗಳು ಒಳಗಿದ್ದರೆ ಅದು ಖಚಿತ ಘಟನೆ.

ಪತ್ರಿಕೆಯಲ್ಲಿ ಬರುವ ‘ಘಟನೆ’ ನಡೆದುಹೋದದ್ದು, ಗಣಿತದ ‘ಘಟನೆ’ ನಡೆಯಬಹುದೋ ಇಲ್ಲವೋ ಎಂದು ನಾವು ಮುಂಚಿತವಾಗಿ ಕಟ್ಟಿಟ್ಟುಕೊಂಡ ಪ್ರಶ್ನೆ. ಪದ ಒಂದೇ ಆದದ್ದರಿಂದ ಮಗು ಎಡವಿದೆ, ತಪ್ಪು ಮಗುವಿನದಲ್ಲ.

ಹಿಂದಿನ ಬೆಂಚು
ಈ ಬುಟ್ಟಿಯ ಮಾತನ್ನು ನನಗೆ ಇಪ್ಪತ್ತು ವರ್ಷಗಳ ಹಿಂದೆ ಯಾರಾದರೂ ಹೇಳಿದ್ದರೆ ನಾನು ಇತಿಹಾಸ ತೆಗೆದುಕೊಳ್ಳುತ್ತಿರಲಿಲ್ಲ.

ಪದವಿ ವಿದ್ಯಾರ್ಥಿ
ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಪರಸ್ಪರ ವರ್ಜಕ ಎಂದರೆ ಎರಡು ಬುಟ್ಟಿಗಳಲ್ಲಿ ಒಂದೂ ಸಮಾನ ಫಲಿತವಿಲ್ಲ ಎಂದು. ಸ್ವತಂತ್ರ ಎಂದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದು. ಸಮಾನವಾದುದೇನೂ ಇಲ್ಲದ ಮೇಲೆ ಸಂಬಂಧವೂ ಇರುವುದಿಲ್ಲ. ಆದ್ದರಿಂದ ಪರಸ್ಪರ ವರ್ಜಕವಾದವು ಸ್ವತಂತ್ರವೂ ಆಗಿರುತ್ತವೆ.

ನಿವೃತ್ತ ಮೇಷ್ಟ್ರು
ತಮ್ಮಾ, ನಿಲ್ಲು. ಇದು ಅತಿ ಸಾಮಾನ್ಯವಾದ ತಪ್ಪು, ಸರಿಯಾಗಿ ತಲೆಕೆಳಗು. ‘1 ಬರುವುದು’ ಮತ್ತು ‘6 ಬರುವುದು’ ಪರಸ್ಪರ ವರ್ಜಕ. ನಾನು ದಾಳವನ್ನು ಅಂಗೈಯಲ್ಲಿ ಮುಚ್ಚಿಕೊಂಡು ‘1 ಬಿದ್ದಿದೆ’ ಎಂದು ಹೇಳಿದರೆ, 6 ಬಿದ್ದಿಲ್ಲವೆಂದು ನಿನಗೆ ಆ ಕ್ಷಣವೇ ಗೊತ್ತಾಗುತ್ತದೆ. ಒಂದರ ಸುದ್ದಿ ಇನ್ನೊಂದರ ಬಗ್ಗೆ ಎಲ್ಲವನ್ನೂ ಹೇಳಿಬಿಟ್ಟಿತು. ಇದಕ್ಕಿಂತ ಗಟ್ಟಿಯಾದ ಸಂಬಂಧ ಎಲ್ಲಿದೆ? ಸೊನ್ನೆಗಿಂತ ಹೆಚ್ಚು ಸಂಭವನೀಯತೆಯುಳ್ಳ ಎರಡು ಘಟನೆಗಳು ಪರಸ್ಪರ ವರ್ಜಕವಾಗಿದ್ದರೆ ಅವು ಎಂದಿಗೂ ಸ್ವತಂತ್ರವಾಗಿರಲಾರವು.

ಇನ್ನು ಒಂದೇ ದಾಳದಲ್ಲಿ ಸ್ವತಂತ್ರ ಘಟನೆಗಳನ್ನು ತೋರಿಸುತ್ತೇನೆ. ಒಂದು ಬುಟ್ಟಿ ‘ಸಮಸಂಖ್ಯೆ’, ಅದರಲ್ಲಿ 2, 4, 6. ಇನ್ನೊಂದು ಬುಟ್ಟಿ ‘2 ಅಥವಾ ಅದಕ್ಕಿಂತ ಕಡಿಮೆ’, ಅದರಲ್ಲಿ 1, 2. ದಾಳ ನೋಡುವ ಮೊದಲು ಸಮಸಂಖ್ಯೆಯ ಸಂಭವನೀಯತೆ ಅರ್ಧ. ಈಗ ‘2 ಅಥವಾ ಅದಕ್ಕಿಂತ ಕಡಿಮೆ ಬಿದ್ದಿದೆ’ ಎಂದು ನಾನು ಹೇಳಿದೆ ಎನ್ನು. ಉಳಿದದ್ದು 1 ಮತ್ತು 2. ಅದರಲ್ಲಿ ಸಮಸಂಖ್ಯೆ ಒಂದು. ಸಂಭವನೀಯತೆ ಈಗಲೂ ಅರ್ಧವೇ. ಸುದ್ದಿ ಬಂದರೂ ಅಂದಾಜು ಕದಲಲಿಲ್ಲ. ಅದೇ ಸ್ವತಂತ್ರ. ಗಮನಿಸು, ಎರಡು ಬುಟ್ಟಿಗಳಲ್ಲಿಯೂ 2 ಇದೆ.

ಪದವಿ ವಿದ್ಯಾರ್ಥಿ
ಒಪ್ಪಿದೆ ಸರ್. ಕಳೆದ ಸೆಮಿಸ್ಟರ್‌ನಲ್ಲಿ ನನ್ನ ಅಂಕ ಎಲ್ಲಿ ಹೋಯಿತೆಂದು ಈಗ ತಿಳಿಯಿತು.

ಅಚ್ಚಗನ್ನಡ
ಗೊಂದಲದ ಬೇರು ಯಾರಿಗೂ ಕಾಣುತ್ತಿಲ್ಲವೇ? ‘ಯಾದೃಚ್ಛಿಕ’, ‘ಸಂಭವನೀಯತೆ’, ‘ಪರಸ್ಪರ ವರ್ಜಕ’ ಇವುಗಳಲ್ಲಿ ಒಂದಾದರೂ ಮನೆಯಲ್ಲಿ ಆಡುವ ಮಾತೇ? ಇಂಗ್ಲಿಷನ್ನು ಬಿಟ್ಟು ಸಂಸ್ಕೃತಕ್ಕೆ ಹೋದದ್ದರಿಂದ ಮಕ್ಕಳಿಗೆ ಒಂದು ಗೋಡೆಯ ಬದಲು ಎರಡು ಗೋಡೆಗಳಾದವು. ‘ಆಗುವಿಕೆಯ ಅಳತೆ’ ಎಂದು ಹೇಳಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು?

ಹೊರನಾಡಿನವ
ಒಂದು ಮಟ್ಟಿಗೆ ನಿಮ್ಮ ಮಾತು ಸರಿ, ಆದರೆ ಮೂಲ ಪ್ರಶ್ನೆಯನ್ನು ಮತ್ತೊಮ್ಮೆ ಓದಿ. ಆ ಹುಡುಗಿ ಎಡವಿದ್ದು ‘ಯಾದೃಚ್ಛಿಕ’ ಎಂಬ ಕಠಿಣ ಪದದಲ್ಲಿ ಅಲ್ಲ, ‘ಘಟನೆ’ ಎಂಬ ದಿನಬಳಕೆಯ ಪದದಲ್ಲಿ. ಗೊತ್ತಿಲ್ಲದ ಪದ ಬಂದರೆ ಮಗು ಅರ್ಥ ಕೇಳುತ್ತದೆ. ಗೊತ್ತಿರುವ ಪದ ಬೇರೆ ಅರ್ಥದಲ್ಲಿ ಬಂದರೆ ಕೇಳುವುದೇ ಇಲ್ಲ, ತಿಳಿಯಿತೆಂದು ಮುಂದೆ ಹೋಗುತ್ತದೆ. ಇಂಗ್ಲಿಷಿನಲ್ಲಿಯೂ ಇದೇ ಗೋಳು ಇದೆ. ನಾನು ಕೆಲಸ ಮಾಡುವ ಕಡೆ, ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ಸಹೋದ್ಯೋಗಿಗಳು ‘ಸಿಗ್ನಿಫಿಕೆಂಟ್’ ಎಂದರೆ ‘ಮಹತ್ವದ್ದು’ ಎಂದೇ ತಿಳಿದು ವರದಿ ಬರೆಯುತ್ತಾರೆ. ಸಂಖ್ಯಾಶಾಸ್ತ್ರದಲ್ಲಿ ಅದರ ಅರ್ಥ ‘ಬರೀ ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ’ ಎಂದಷ್ಟೇ. ವ್ಯತ್ಯಾಸ ಸಾಸಿವೆಯಷ್ಟಿದ್ದರೂ ಆ ಪದ ಅಂಟಿಕೊಳ್ಳಬಹುದು.

ಅಡಿಕೆ ತೋಟ
ಪದಗಳ ಗೊಂದಲ ನೋಡಬೇಕೆಂದರೆ ಎಪಿಎಂಸಿಗೆ ಬನ್ನಿ. ಧಾರಣೆಯ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಅದರ ಪಕ್ಕದಲ್ಲಿ ‘ಮಾದರಿ’ ಎಂದು ಇರುತ್ತದೆ. ಈ ‘ಮಾದರಿ’ ಮೋಡಲ್ ಬೆಲೆ, ಅಂದರೆ ಆ ದಿನ ಹೆಚ್ಚು ವ್ಯವಹಾರ ನಡೆದ ಬೆಲೆ. ಪುಸ್ತಕದ ಭಾಷೆಯಲ್ಲಿ ಅದು ಬಹುಲಕ, ನಮ್ಮ ಕಾಲದಲ್ಲಿ ರೂಢಿಬೆಲೆ ಎನ್ನುತ್ತಿದ್ದರು. ಆದರೆ ಅದೇ ಪುಸ್ತಕದಲ್ಲಿ ‘ಮಾದರಿ’ ಎಂದರೆ ಸ್ಯಾಂಪಲ್. ಮಂಡಿಗೆ ಮಾದರಿ ತೆಗೆದುಕೊಂಡು ಹೋಗಿ ಮಾದರಿ ಬೆಲೆ ಕೇಳಿದರೆ ಮಾದರಿ ರೈತ ಎನ್ನುತ್ತಾರೆ. ಮೂರಕ್ಕೂ ಮೂರು ಅರ್ಥ.

ಆದರೆ ಮಗಳ ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ರಾಶಿ ಅಡಿಕೆಯ ಒಂದು ಒಳ್ಳೆಯ ಲಾಟು ಗರಿಷ್ಠ ಬೆಲೆಗೆ ಹೋದರೆ ಮರುದಿನ ಎಲ್ಲರ ಬಾಯಲ್ಲೂ ಅದೇ ಬೆಲೆ. ನಮ್ಮ ಚೀಲಕ್ಕೆ ಸಿಗುವ ಬೆಲೆಯನ್ನು ಅಂದಾಜಿಸಲು ಮೋಡಲ್ ಬೆಲೆ ಬೇಕು, ಗರಿಷ್ಠವನ್ನು ನೆಚ್ಚಿಕೊಂಡವರು ಸಾಲ ಮಾಡಿದ್ದಾರೆ.

ನಿವೃತ್ತ ಮೇಷ್ಟ್ರು
ಬಹಳ ಸೊಗಸಾದ ಉದಾಹರಣೆ. ಮಧ್ಯಾಂಕಕ್ಕೆ ನಾನೊಂದು ಸೇರಿಸುತ್ತೇನೆ. ಒಂದು ಕೇರಿಯಲ್ಲಿ ಹತ್ತು ಮನೆಗಳಿವೆ ಎಂದುಕೊಳ್ಳಿ. ಒಂಬತ್ತು ಮನೆಗಳ ತಿಂಗಳ ಆದಾಯ ತಲಾ 12,000 ರೂಪಾಯಿ, ಹತ್ತನೆಯ ಮನೆಯದು 5,00,000 ರೂಪಾಯಿ. ಸರಾಸರಿ 60,800 ರೂಪಾಯಿ. ಆ ಕೇರಿಯಲ್ಲಿ 60,800 ರೂಪಾಯಿ ದುಡಿಯುವ ಒಂದು ಮನೆಯೂ ಇಲ್ಲ! ಆದಾಯಗಳನ್ನು ಏರಿಕೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ನಡುವೆ ಇರುವುದನ್ನು ನೋಡಿದರೆ 12,000, ಅದೇ ಮಧ್ಯಾಂಕ. ಸಿರಿವಂತನ ಆದಾಯ ಐವತ್ತು ಲಕ್ಷವಾದರೂ ಮಧ್ಯಾಂಕ ಅಲುಗುವುದಿಲ್ಲ.

ಆದರೆ ಸರಾಸರಿಯನ್ನು ಬೈಯುವುದೂ ಬೇಡ. ಒಟ್ಟು ಎಷ್ಟು ಅಕ್ಕಿ ತರಿಸಬೇಕೆಂದು ಬಿಸಿಯೂಟದ ಮನೆಯಲ್ಲಿ ಲೆಕ್ಕ ಹಾಕುವಾಗ ಮಧ್ಯಾಂಕ ಇಟ್ಟುಕೊಂಡು ಕುಳಿತರೆ ಆಗುವುದಿಲ್ಲ. ಮಕ್ಕಳ ಸಂಖ್ಯೆಯಿಂದ ಗುಣಿಸಿ ಒಟ್ಟು ತೆಗೆಯಲು ಬರುವುದು ಸರಾಸರಿ ಒಂದೇ.

ಗುಡ್ಡದ ಮನೆ
ಇದನ್ನು ಓದಿ ಹವಾಮಾನ ವರದಿಯ ‘ವಾಡಿಕೆ ಮಳೆ’ ನೆನಪಾಯಿತು. ವಾಡಿಕೆ ಎಂದರೆ ಪ್ರತಿ ವರ್ಷವೂ ಬೀಳುವ ಮಳೆಯೆಂದು ನಮ್ಮ ತಂದೆಯವರು ತಿಳಿದಿದ್ದರು. ಅದು ದೀರ್ಘಕಾಲದ ಸರಾಸರಿ. ದೇಶದ ಮುಂಗಾರಿಗೆ ಈಗ ಹಿಡಿಯುವ ಸರಾಸರಿ 1971ರಿಂದ 2020ರವರೆಗಿನ 87 ಸೆಂಟಿಮೀಟರ್. ಅದರ ಶೇಕಡಾ 96ರಿಂದ 104ರ ನಡುವೆ ಬಂದರೆ ‘ವಾಡಿಕೆ’ ಎನ್ನುತ್ತಾರೆ. ನಾಲ್ಕು ತಿಂಗಳ ಮಳೆ ಹದಿನೈದು ದಿನಗಳಲ್ಲಿ ಸುರಿದು ಗದ್ದೆ ಕೊಚ್ಚಿಹೋದರೂ ಕಾಗದದ ಮೇಲೆ ಅದು ವಾಡಿಕೆಯೇ.

ಇನ್ನೊಂದು, ‘ಅಲ್ಲಲ್ಲಿ ಮಳೆ’ ಎಂಬ ಮಾತು ಸಂಭವನೀಯತೆಯದಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ಐಸೊಲೇಟೆಡ್’ ಎಂದರೆ ಆ ವಿಭಾಗದ ಮಳೆಮಾಪನ ಕೇಂದ್ರಗಳಲ್ಲಿ ಶೇಕಡಾ 25ರವರೆಗೆ, ‘ಸ್ಕ್ಯಾಟರ್ಡ್’ ಎಂದರೆ ಶೇಕಡಾ 26ರಿಂದ 50ರವರೆಗಿನ ಕೇಂದ್ರಗಳಲ್ಲಿ ಮಳೆ. ಎಷ್ಟು ಕಡೆ ಬರುತ್ತದೆ ಎಂಬುದು ಬೇರೆ, ಬರುವುದೋ ಇಲ್ಲವೋ ಎಂಬ ಭರವಸೆ ಎಷ್ಟು ಎಂಬುದು ಬೇರೆ.

ಹಿಂದಿನ ಬೆಂಚು
ನನ್ನ ಪ್ರಕಾರ ಎಲ್ಲಕ್ಕೂ ಶೇಕಡಾ 50. ಮಳೆ ಬರುತ್ತದೆ, ಇಲ್ಲವಾದರೆ ಬರುವುದಿಲ್ಲ.

ಕವಡೆ
ಈ ತಮಾಷೆಯ ಒಳಗೇ ದೊಡ್ಡ ಪಾಠವಿದೆ, ಬಿಡಬಾರದು. ಎರಡು ಫಲಿತಗಳಿವೆ ಎಂದ ಮಾತ್ರಕ್ಕೆ ಅರ್ಧ-ಅರ್ಧ ಆಗುವುದಿಲ್ಲ, ಎರಡೂ ಸಮಸಂಭವವಾಗಿರಬೇಕು, ಅಂದರೆ ಎರಡೂ ಬರುವ ಸಾಧ್ಯತೆ ಒಂದೇ ಆಗಿರಬೇಕು. ಪುಸ್ತಕದಲ್ಲಿ ಯಾವಾಗಲೂ ನಾಣ್ಯ ಮತ್ತು ದಾಳ ಮಾತ್ರ ಬರುವುದರಿಂದ ಮಕ್ಕಳಿಗೆ ಈ ಷರತ್ತು ಕಣ್ಣಿಗೆ ಬೀಳುವುದಿಲ್ಲ. ನಮ್ಮ ಚೌಕಾಬಾರವನ್ನು ತೆಗೆದುಕೊಳ್ಳಿ (ನಿಮ್ಮ ಕಡೆ ಕಟ್ಟೆಮನೆ ಎನ್ನಬಹುದು). ನಾಲ್ಕು ಕವಡೆಗಳು. ಎಷ್ಟು ಕವಡೆಗಳ ಬಾಯಿ ಮೇಲಾಗಿದೆಯೋ ಅಷ್ಟು ಗರ. ನಾಲ್ಕೂ ಮೇಲಾದರೆ ಚೌಕ, ಅಂದರೆ 4. ಒಂದೂ ಮೇಲಾಗದಿದ್ದರೆ ಬಾರ, ಅಂದರೆ 8.

ಕವಡೆ ನಾಣ್ಯದಂತೆಯೇ ಸಮನಾಗಿ ಬೀಳುತ್ತದೆಂದು ಮೊದಲು ಇಟ್ಟುಕೊಳ್ಳೋಣ. ನಾಲ್ಕು ಕವಡೆಗಳು ಬೀಳುವ ಬಗೆಗಳು ಒಟ್ಟು 16. ಅದರಲ್ಲಿ ಗರ 1 ಬರುವುದು 4 ಬಗೆಗಳಲ್ಲಿ, 2 ಬರುವುದು 6 ಬಗೆಗಳಲ್ಲಿ, 3 ಬರುವುದು 4 ಬಗೆಗಳಲ್ಲಿ. ಚೌಕಕ್ಕೆ ಒಂದೇ ಬಗೆ, ಬಾರಕ್ಕೂ ಒಂದೇ ಬಗೆ. ಗರಗಳು ಐದೇ ಇದ್ದರೂ ಪ್ರತಿಯೊಂದಕ್ಕೂ ಐದರಲ್ಲಿ ಒಂದು ಪಾಲು ಎನ್ನುವಂತಿಲ್ಲ. ಹದಿನಾರು ಬಗೆಗಳ ಗರವನ್ನೆಲ್ಲ ಕೂಡಿದರೆ 40. ಹದಿನಾರರಿಂದ ಭಾಗಿಸಿದರೆ 2.5. ಇದನ್ನೇ ನಿರೀಕ್ಷಿತ ಬೆಲೆ ಎನ್ನುತ್ತಾರೆ. ಎರಡೂವರೆ ಗರ ಯಾರಿಗೂ ಯಾವತ್ತೂ ಬೀಳುವುದಿಲ್ಲ, ಆದರೂ ದಿನವಿಡೀ ಆಡಿದರೆ ಒಂದು ಎಸೆತಕ್ಕೆ ಸುಮಾರಾಗಿ ಅಷ್ಟು ಮನೆ ನಡೆದಿರುತ್ತೀರಿ.

ಈಗ ನಿಜವಾದ ಕವಡೆಗೆ ಬನ್ನಿ. ಅದರ ಒಂದು ಮೈ ಉಬ್ಬು, ಇನ್ನೊಂದು ಚಪ್ಪಟೆ. ಸಮಸಂಭವವೆಂದು ಯಾರು ಹೇಳಿದರು? ಇಲ್ಲಿ ಫಲಿತ ಗಣವನ್ನು ಎಣಿಸಿ ಉತ್ತರ ತೆಗೆಯಲಾಗದು. ಎಸೆದು, ಬರೆದಿಟ್ಟು, ಒಟ್ಟು ಎಸೆತಗಳಲ್ಲಿ ಎಷ್ಟು ಸಲ ಬಾಯಿ ಮೇಲಾಯಿತೆಂದು ನೋಡಬೇಕು. ಮೊದಲನೆಯದು ಸೈದ್ಧಾಂತಿಕ ಸಂಭವನೀಯತೆ, ಎರಡನೆಯದು ಪ್ರಾಯೋಗಿಕ ಸಂಭವನೀಯತೆ.

ಗುಡ್ಡದ ಮನೆ
ನಮ್ಮ ಮನೆಯಲ್ಲಿ ಕವಡೆ ಇಲ್ಲದ ದಿನ ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮೈ ಬಿಳಿ ಮಾಡಿ ಆಡುತ್ತಿದ್ದೆವು. ಮೂರು ಸಲ ಬೇಕಾದ ಗರ ಬೀಳದಿದ್ದರೆ ನಾಲ್ಕನೆಯ ಸಲ ಬಿದ್ದೇ ಬೀಳುತ್ತದೆಂದು ಅತ್ತೆ ಹೇಳುತ್ತಿದ್ದರು.

ಕವಡೆ
ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಆದರೆ ಹುಣಸೆಬೀಜಕ್ಕೆ ನೆನಪಿನ ಶಕ್ತಿಯಿಲ್ಲ. 1913ರಲ್ಲಿ ಮಾಂಟೆ ಕಾರ್ಲೊದ ಜೂಜುಕಟ್ಟೆಯಲ್ಲಿ ರೂಲೆಟ್ ಚಕ್ರದಲ್ಲಿ ಸತತ 26 ಸಲ ಕಪ್ಪು ಬಂದಾಗ, ‘ಇನ್ನು ಕೆಂಪು ಬರಲೇಬೇಕು’ ಎಂದು ಹಣ ಕಟ್ಟುತ್ತ ಹೋದವರು ಬರಿಗೈಯಲ್ಲಿ ಎದ್ದರು. ಬಹಳ ಸಲ ಎಸೆದಾಗ ಅನುಪಾತ ಒಂದು ಕಡೆ ನೆಲೆಗೊಳ್ಳುವುದು ನಿಜ. ಅದು ಹಿಂದಿನ ಕೊರತೆಯನ್ನು ತುಂಬಿಕೊಡುವುದರಿಂದಲ್ಲ, ಮುಂದಿನ ಸಾವಿರಾರು ಎಸೆತಗಳ ನಡುವೆ ಆ ಕೊರತೆ ನಗಣ್ಯವಾಗುವುದರಿಂದ.

ಅಚ್ಚಗನ್ನಡ
ನೋಡಿದಿರಾ, ‘ಗರ’ ಎಂಬ ಅಚ್ಚ ಆಡುಮಾತು ಬಂದೊಡನೆ ಎಲ್ಲರಿಗೂ ಎಲ್ಲವೂ ತಿಳಿಯಿತು. ನನ್ನ ವಾದ ಗೆದ್ದಿತೆಂದು ತಿಳಿಯುತ್ತೇನೆ.

ಹೊರನಾಡಿನವ
ಗೆದ್ದದ್ದು ಕವಡೆ, ವಾದವಲ್ಲ. ಅಂದ ಹಾಗೆ, ಜಗತ್ತಿನ ಸಂಖ್ಯಾಶಾಸ್ತ್ರದ ಪುಸ್ತಕಗಳಲ್ಲೆಲ್ಲ ಹೆಸರಿರುವ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ನಮ್ಮ ಬಳ್ಳಾರಿ ಜಿಲ್ಲೆಯ ಹೂವಿನಹಡಗಲಿಯಲ್ಲಿ.

ಹಡಗಲಿ ಮಲ್ಲಿಗೆ
ತಿದ್ದುಪಡಿ: ಹಡಗಲಿ ಈಗ ವಿಜಯನಗರ ಜಿಲ್ಲೆಯಲ್ಲಿದೆ. ರಾವ್ ಅವರು ಹುಟ್ಟಿದಾಗ ಅದು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅವರಿಗೆ 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಬಹುಮಾನ ಬಂದದ್ದು 1945ರ ಒಂದು ಲೇಖನವನ್ನೂ ಮುಂದಿಟ್ಟುಕೊಂಡು. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಊರಿನವಳಾಗಿ ಇಷ್ಟು ಹೇಳುವ ಹಕ್ಕು ನನಗಿದೆ. ಇನ್ನು ವಿಷಯಕ್ಕೆ ಮರಳಬಹುದು.

ರಕ್ತಪರೀಕ್ಷೆ
ಹಾಗಾದರೆ ಷರತ್ತುಬದ್ಧ ಸಂಭವನೀಯತೆಯ ಬಗ್ಗೆ ನಾನೊಂದು ಮಾತು ಬರೆಯುತ್ತೇನೆ, ಏಕೆಂದರೆ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ನನಗೆ ಇದರಿಂದಲೇ ದಿನವೂ ಜಗಳ. ‘ರೋಗವಿದ್ದರೆ ಪರೀಕ್ಷೆ ಪಾಸಿಟಿವ್ ಬರುವ ಸಂಭವನೀಯತೆ’ ಮತ್ತು ‘ಪರೀಕ್ಷೆ ಪಾಸಿಟಿವ್ ಬಂದರೆ ರೋಗವಿರುವ ಸಂಭವನೀಯತೆ’ ಇವೆರಡನ್ನೂ ಜನ ಒಂದೇ ಎಂದುಕೊಳ್ಳುತ್ತಾರೆ. ವಿದ್ಯಾವಂತರೂ ಹಾಗೆಯೇ. ಲೆಕ್ಕಕ್ಕಾಗಿ 1,000 ಜನರನ್ನು ಕಲ್ಪಿಸಿಕೊಳ್ಳಿ. ಅವರಲ್ಲಿ 10 ಜನರಿಗೆ ರೋಗವಿದೆ, ಪರೀಕ್ಷೆ ಅವರಲ್ಲಿ 9 ಜನರನ್ನು ಹಿಡಿಯುತ್ತದೆ. ಉಳಿದ 990 ಆರೋಗ್ಯವಂತರಲ್ಲಿ ನೂರಕ್ಕೆ 5ರಂತೆ ಸುಮಾರು 50 ಜನರಿಗೆ ತಪ್ಪಾಗಿ ಪಾಸಿಟಿವ್ ತೋರಿಸುತ್ತದೆ. ಒಟ್ಟು ಪಾಸಿಟಿವ್ 59, ಅದರಲ್ಲಿ ನಿಜವಾದ ರೋಗಿಗಳು 9, ಅಂದರೆ ನೂರಕ್ಕೆ ಸುಮಾರು 15. ಮೊದಲನೆಯ ಪ್ರಶ್ನೆಗೆ ಉತ್ತರ ಶೇಕಡಾ 90, ಎರಡನೆಯದಕ್ಕೆ ಶೇಕಡಾ 15. ಬದಲಾದದ್ದು ಛೇದ ಮಾತ್ರ: ಮೊದಲು ರೋಗಿಗಳಿಂದ ಭಾಗಿಸಿದೆವು, ಆಮೇಲೆ ಪಾಸಿಟಿವ್ ಬಂದವರಿಂದ ಭಾಗಿಸಿದೆವು. ನಿಮ್ಮ ಮಗಳಿಗೆ ಹೇಳಿ, ಯಾವ ಶೇಕಡಾವಾರು ಕಂಡರೂ ‘ಯಾರಲ್ಲಿ ಶೇಕಡಾ?’ ಎಂದು ಮೊದಲು ಕೇಳಲಿ.

ಪದವಿ ವಿದ್ಯಾರ್ಥಿ
ಮಾನಕ ವಿಚಲನೆಯನ್ನೂ ಯಾರಾದರೂ ಹೀಗೆಯೇ ಹೇಳಿದರೆ ಉಪಕಾರವಾಗುತ್ತದೆ. ಅದರಲ್ಲಿ ಒಮ್ಮೆ ಒಟ್ಟು ಅಂಕಗಳ ಎಣಿಕೆಯಾದ ಎನ್‌ನಿಂದ, ಒಮ್ಮೆ ಎನ್‌ಗೆ ಒಂದು ಕಡಿಮೆಯಿಂದ ಭಾಗಿಸುವುದು ಏಕೆ?

ಹೊರನಾಡಿನವ
ಎರಡು ಬಸ್ಸುಗಳನ್ನು ಊಹಿಸಿಕೊಳ್ಳಿ. ಮೂರು ದಿನಗಳಲ್ಲಿ ಒಂದು ಬಸ್ಸು 9, 10, 11 ನಿಮಿಷ ತಡ. ಇನ್ನೊಂದು 0, 10, 20 ನಿಮಿಷ ತಡ. ಎರಡರ ಸರಾಸರಿಯೂ 10. ಮೊದಲನೆಯದರ ಮಾನಕ ವಿಚಲನೆ ಸುಮಾರು 0.8 ನಿಮಿಷ, ಎರಡನೆಯದರದು ಸುಮಾರು 8.2 ನಿಮಿಷ. ಎರಡನೆಯ ಬಸ್ಸನ್ನು ನಂಬಿ ಮದುವೆ ಮುಹೂರ್ತಕ್ಕೆ ಹೊರಡಬೇಡಿ. ಸರಾಸರಿಯಿಂದ ಅಂಕಗಳು ಎಷ್ಟು ದೂರ ಚದುರಿವೆ ಎಂಬುದರ ಅಳತೆ ಅದು. ಪ್ರತಿ ಅಂಕವೂ ಸರಾಸರಿಯಿಂದ ಎಷ್ಟು ದೂರವಿದೆಯೋ ಅದನ್ನು ವರ್ಗ ಮಾಡಿ, ಆ ವರ್ಗಗಳ ಸರಾಸರಿ ತೆಗೆದು ಹಾಗೆಯೇ ಬಿಟ್ಟರೆ ವೇರಿಯನ್ಸ್, ಆಗ ಉತ್ತರ ‘ನಿಮಿಷದ ವರ್ಗ’ದಲ್ಲಿ ಬರುತ್ತದೆ, ಅದು ಯಾರ ಕೈಗಡಿಯಾರದಲ್ಲಿಯೂ ಇಲ್ಲ, ವರ್ಗಮೂಲ ತೆಗೆದರೆ ಮತ್ತೆ ನಿಮಿಷ.

ಭಾಜಕದ ವಿಷಯ: ಇಡೀ ಸಮಷ್ಟಿ, ಅಂದರೆ ನಾವು ತಿಳಿಯಬೇಕಾದ ಗುಂಪಿನ ಎಲ್ಲ ಅಂಕಗಳೂ, ಕೈಯಲ್ಲಿದ್ದರೆ ಎನ್. ಸಮಷ್ಟಿಯಿಂದ ಆಯ್ದ ಸ್ಯಾಂಪಲ್ ಮಾತ್ರ ಇದ್ದರೆ, ಸರಾಸರಿಯನ್ನೂ ಅದೇ ಸ್ಯಾಂಪಲ್‌ನಿಂದ ತೆಗೆದಿರುತ್ತೇವೆ; ಅಂಕಗಳು ತಮ್ಮದೇ ಸರಾಸರಿಗೆ ಸಹಜವಾಗಿ ಹತ್ತಿರವಿರುವುದರಿಂದ ಚದುರುವಿಕೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಒಂದು ಕಡಿಮೆಯಿಂದ ಭಾಗಿಸುವುದು ಆ ಕೊರತೆಯನ್ನು ಸರಿಪಡಿಸಲು. ನಾನು ಬಸ್ಸುಗಳಿಗೆ ಎನ್ ಹಿಡಿದಿದ್ದೇನೆ, ಮೇಷ್ಟ್ರು ಬೈಯುವ ಮೊದಲೇ ಹೇಳಿಬಿಡುತ್ತೇನೆ.

ನಿವೃತ್ತ ಮೇಷ್ಟ್ರು
ಬೈಯಲು ಬೆರಳು ಎತ್ತಿದ್ದೆ.

ತುಂಗಾತೀರ
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಭಾನುವಾರ ಮಗಳು ಅಟ್ಟದಿಂದ ಅಜ್ಜಿಯ ಕವಡೆಗಳನ್ನು ಇಳಿಸಿ, ಒಂದು ಕವಡೆಯನ್ನು ಚಾಪೆಯ ಮೇಲೆ ನೂರು ಸಲ ಎಸೆದು, ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಟು ಹಾಕಿದಳು. 62 ಸಲ ಬಾಯಿ ಮೇಲಾಯಿತು. ಈಗ ಅವಳ ಹೊಸ ಪ್ರಶ್ನೆ: ಕವಡೆ ನಿಜವಾಗಿಯೂ ಒಂದು ಕಡೆಗೆ ವಾಲುತ್ತದೆಯೇ, ಅಥವಾ ಸುಮ್ಮನೆ ಆ ದಿನ ಹಾಗೆ ಬಿತ್ತೇ?

ಕವಡೆ
ಮಗಳು ತನಗೆ ಗೊತ್ತಿಲ್ಲದೆಯೇ ಪ್ರಾಕ್ಕಲ್ಪನೆಯ ಪರೀಕ್ಷೆಗೆ, ಅಂದರೆ ಒಂದು ಊಹೆಯನ್ನು ಎಣಿಕೆಯಿಂದ ಒರೆಗೆ ಹಚ್ಚುವ ಕೆಲಸಕ್ಕೆ, ಬಂದು ನಿಂತಿದ್ದಾಳೆ. ಕವಡೆ ವಾಲುವುದಿಲ್ಲ, ಅರ್ಧ-ಅರ್ಧ, ಎಂದು ವಾದಕ್ಕಾಗಿ ಒಪ್ಪಿಕೊಳ್ಳೋಣ; ಇದು ಶೂನ್ಯ ಪ್ರಾಕ್ಕಲ್ಪನೆ. ಹಾಗಿದ್ದರೆ ನೂರು ಎಸೆತಗಳಲ್ಲಿ ಸರಾಸರಿ 50, ಮಾನಕ ವಿಚಲನೆ 5. ನಿಮಗೆ ಬಂದದ್ದು 62, ಅಂದರೆ 2.4 ಮಾನಕ ವಿಚಲನೆಯಷ್ಟು ದೂರ. ವಾಲದ ಕವಡೆ 50ರಿಂದ ಅತ್ತ ಅಥವಾ ಇತ್ತ 12 ಅಥವಾ ಅದಕ್ಕಿಂತ ಹೆಚ್ಚು ದೂರ ಹೋಗುವ ಸಂಭವನೀಯತೆ ಸುಮಾರು ಶೇಕಡಾ 2. ಇದೇ ಪಿ-ಮೌಲ್ಯ.

ಪದವಿ ವಿದ್ಯಾರ್ಥಿ
ಅಂದರೆ ಕವಡೆ ಸರಿಯಾಗಿರುವ ಸಂಭವನೀಯತೆ ಶೇಕಡಾ 2 ಎಂದಾಯಿತು.

ರಕ್ತಪರೀಕ್ಷೆ
ಮತ್ತೆ ಛೇದ ತಪ್ಪಿದಿರಿ! ‘ಕವಡೆ ಸರಿಯಿದ್ದರೆ ಇಂತಹ ಎಣಿಕೆ ಬರುವ ಸಂಭವನೀಯತೆ’ ಬೇರೆ, ‘ಇಂತಹ ಎಣಿಕೆ ಬಂದಿದ್ದರೆ ಕವಡೆ ಸರಿಯಿರುವ ಸಂಭವನೀಯತೆ’ ಬೇರೆ. ನನ್ನ ಸಾವಿರ ಜನರ ಲೆಕ್ಕವನ್ನು ಇನ್ನೊಮ್ಮೆ ಓದಿ. ವಾಲದ ಕವಡೆಯಿರುವ ನೂರು ಮನೆಗಳಲ್ಲಿ ಮಕ್ಕಳು ಹೀಗೆ ಎಸೆದರೆ, ಸುಮಾರು ಎರಡು ಮನೆಗಳಲ್ಲಿ ಇಷ್ಟು ದೂರದ ಎಣಿಕೆ ಬಂದೇ ಬರುತ್ತದೆ.

ಕವಡೆ
ಸರಿಯಾಗಿ ಹೇಳಿದಿರಿ. 62 ನಿಜವೆಂದೇ ಹಿಡಿದರೆ ಒಂದು ಸ್ವಾರಸ್ಯವಿದೆ. ನಾಲ್ಕೂ ಕವಡೆಗಳು ಹೀಗೆಯೇ ಇದ್ದು, ಒಂದನ್ನೊಂದು ಲೆಕ್ಕಿಸದೆ ಬೀಳುವುದಾದರೆ, ಚೌಕ ಬೀಳುವುದು ನೂರಕ್ಕೆ ಸುಮಾರು 15 ಸಲ, ಬಾರ ಬೀಳುವುದು ನೂರಕ್ಕೆ ಸುಮಾರು 2 ಸಲ. ಅಜ್ಜಿಯ ಕವಡೆಗಳಿಗಂತೂ ಬಾರಕ್ಕೆ ಚೌಕದ ಎರಡರಷ್ಟು ಮನೆ ಕೊಟ್ಟದ್ದು ನ್ಯಾಯವೇ.

ತುಂಗಾತೀರ
ಇದನ್ನು ಓದಿ ಹೇಳಿದ ಕೂಡಲೇ ಅಜ್ಜಿ, ‘ಆ ನಾಲ್ಕರಲ್ಲಿ ಒಂದರ ಬೆನ್ನು ನಿಮ್ಮಪ್ಪ ಚಿಕ್ಕವನಿದ್ದಾಗಲೇ ಮುಕ್ಕಾಗಿದೆ, ನೀನು ಎಸೆದದ್ದು ಯಾವುದು?’ ಎಂದು ಕೇಳಿದರು. ಮಗಳು ಗುರುತು ಇಟ್ಟುಕೊಂಡಿರಲಿಲ್ಲ. ಈಗ ನಾಲ್ಕಕ್ಕೂ ಕುಂಕುಮದಿಂದ ಒಂದು, ಎರಡು, ಮೂರು, ನಾಲ್ಕು ಚುಕ್ಕೆಗಳನ್ನಿಟ್ಟು ಮೊದಲಿನಿಂದ ಎಸೆಯುತ್ತಿದ್ದಾಳೆ. ನಡುವೆ ಇನ್ನೊಂದು ಪ್ರಶ್ನೆ ಕೇಳಿ ಕಳುಹಿಸಿದ್ದಾಳೆ: ಆಡುವಾಗ ನಾಲ್ಕನ್ನೂ ಒಂದೇ ಅಂಗೈಯಿಂದ ಎಸೆಯುತ್ತೇವಲ್ಲ, ಅವು ಬೀಳುತ್ತ ಒಂದಕ್ಕೊಂದು ತಾಗುತ್ತವೆ, ಹಾಗಿರುವಾಗ ಅವನ್ನು ಸ್ವತಂತ್ರ ಎನ್ನಬಹುದೇ?

ನಿವೃತ್ತ ಮೇಷ್ಟ್ರು
ಒಂಟಿಯಾಗಿ ಎಸೆದ ಲೆಕ್ಕ ಒಂದು ಹಾಳೆಯಲ್ಲಿ, ಒಟ್ಟಿಗೆ ಎಸೆದ ಲೆಕ್ಕ ಇನ್ನೊಂದು ಹಾಳೆಯಲ್ಲಿ ಬರೆಯಲು ಹೇಳಿ. ಎರಡನ್ನೂ ಇಲ್ಲಿಗೆ ಹಾಕಿ, ನಾನು ಕನ್ನಡಕ ಒರೆಸಿಕೊಂಡು ಕಾಯುತ್ತಿರುತ್ತೇನೆ.